ಹಿಂದಿನ ಸೀಟಿನ ದಿಂಬು

ಎಲ್ಲರೂ ಕೂತಿರಾ? ಕೆಳಗೆ ಮೆತ್ತಗಿದೆಯಾ? ನಿಮ್ಮ ಪುಣ್ಯ. ಚೌಡಜ್ಜಿಗೆ ಮೆತ್ತಗಿರಲಿಲ್ಲ. ಅದೇ ಈ ಕಥೆ.

ಚೌಡಜ್ಜಿ ಸಮುದ್ರ ನೋಡಿರಲಿಲ್ಲ. ಒಂದು ಸಲವೂ ನೋಡಿರಲಿಲ್ಲ. ಒಂದು ದಿನ ಓಬಜ್ಜ ಬೈಕು ತೆಗೆದ.

"ಹತ್ತೇ ಚೌಡಿ, ಸಮುದ್ರ ನೋಡ್ಕೊಂಡು ಬರೋಣ."

ಅಜ್ಜ ಮುಂದೆ. ಅಜ್ಜಿ ಹಿಂದೆ. ಅಜ್ಜಿಯ ಕೆಳಗೆ ಕೆಂಪು ದಿಂಬು. ಡುಗು ಡುಗು ಡುಗು ಹೊರಟರು.

ದಾರಿಯಲ್ಲಿ ಟೀ ಅಂಗಡಿ. ಅಜ್ಜಿ ದಿಂಬನ್ನ ಕಲ್ಲಿನ ಮೇಲೆ ಬಿಸಿಲಿಗಿಟ್ಟಳು. ಟೀ ಕುಡಿದು ಬಂದಳು. ದಿಂಬು ಎಲ್ಲಿ? ಕಲ್ಲಿನ ಮೇಲಿಲ್ಲ. ಬೈಕಿನ ಮೇಲಿಲ್ಲ. ಅಗೋ, ಬೇಲಿ ಹತ್ತಿರ! ಬೆಕ್ಕು ಎಳ್ಕೊಂಡು ಹೋಗಿದೆ. ದಿಂಬಿನ ಮೇಲೆ ಮೂರು ಮರಿ ಮಲಗಿಸಿದೆ.

"ದಿಂಬು ಯಾಕೇ? ಹಾಗೇ ಕೂತ್ಕೋ. ನನಗೇನೂ ಆಗ್ತಿಲ್ವಲ್ಲ," ಅಂದ ಅಜ್ಜ.

"ನನ್ನ ಸೊಂಟ ನೋಯುತ್ತೆ. ದಿಂಬಿಲ್ಲದೆ ಬರಲ್ಲ. ಮನೆಗೇ ನಡೀರಿ," ಅಂದಳು ಅಜ್ಜಿ. ಅವಳಿಗೆ ಅಳು ಬಂತು. ಸಮುದ್ರ ಅಂದರೆ ಅಷ್ಟು ಆಸೆ ಅವಳಿಗೆ.

ಅದೇ ಬೈಕು. ಅದೇ ರೋಡು. ಅಜ್ಜನಿಗೆ ನೋವಿಲ್ಲ. ಅಜ್ಜಿಗೆ ನೋವು. ಯಾಕಿರಬಹುದು?

ಅಜ್ಜಿ ಬೆಕ್ಕಿನ ಹತ್ತಿರ ಹೋದಳು.

"ಬೆಕ್ಕೇ ಬೆಕ್ಕೇ, ದಿಂಬು ಕೊಡು. ದಿಂಬು ಸಿಕ್ಕರೆ ಸಮುದ್ರ!"

"ಕೊಡಲ್ಲ. ನನ್ನ ಮರಿಗೆ ಮೆತ್ತಗೆ ಬೇಕು. ಹುಲ್ಲು ತಾ, ದಿಂಬು ಕೊಡ್ತೀನಿ. ಅಲ್ಲ ಅಜ್ಜಿ, ಅಜ್ಜನಿಗಿಲ್ಲದ ನೋವು ನಿನಗ್ಯಾಕೆ?"

"ಗೊತ್ತಿಲ್ಲ ಕಣೇ," ಅಂದಳು ಅಜ್ಜಿ. ಎಮ್ಮೆಯ ಹತ್ತಿರ ಹೋದಳು.

"ಎಮ್ಮೆ ಎಮ್ಮೆ, ಹುಲ್ಲು ಕೊಡು. ಹುಲ್ಲು ಬೆಕ್ಕಿಗೆ. ಬೆಕ್ಕು ದಿಂಬು ಕೊಡುತ್ತೆ. ದಿಂಬು ಸಿಕ್ಕರೆ ಸಮುದ್ರ!"

"ಕೊಡಲ್ಲ. ನನಗೆ ಬಾಯಾರಿದೆ. ನೀರು ತಾ, ಹುಲ್ಲು ಕೊಡ್ತೀನಿ. ಅಲ್ಲ ಅಜ್ಜಿ, ಅಜ್ಜನಿಗಿಲ್ಲದ ನೋವು ನಿನಗ್ಯಾಕೆ?"

"ಗೊತ್ತಿಲ್ಲ ಕಣೇ," ಅಂದಳು ಅಜ್ಜಿ. ಬಾವಿಯ ಹತ್ತಿರ ಹೋದಳು.

"ಬಾವಿ ಬಾವಿ, ನೀರು ಕೊಡು. ನೀರು ಎಮ್ಮೆಗೆ. ಎಮ್ಮೆ ಹುಲ್ಲು ಕೊಡುತ್ತೆ. ಹುಲ್ಲು ಬೆಕ್ಕಿಗೆ. ಬೆಕ್ಕು ದಿಂಬು ಕೊಡುತ್ತೆ. ದಿಂಬು ಸಿಕ್ಕರೆ ಸಮುದ್ರ!"

"ಹೇಗೆ ಕೊಡಲಿ? ನನ್ನ ಹಗ್ಗ ಹರಿದಿದೆ. ಹಗ್ಗ ತಾ, ನೀರು ಕೊಡ್ತೀನಿ. ಅಲ್ಲ ಅಜ್ಜಿ, ಅಜ್ಜನಿಗಿಲ್ಲದ ನೋವು ನಿನಗ್ಯಾಕೆ?"

"ಗೊತ್ತಿಲ್ಲ ಕಣೇ," ಅಂದಳು ಅಜ್ಜಿ. ಹಗ್ಗ ಹೊಸೆಯುವ ತಿಪ್ಪಕ್ಕನ ಹತ್ತಿರ ಹೋದಳು. ಅಜ್ಜನೂ ಬೈಕು ತಳ್ಳಿಕೊಂಡು ಹಿಂದೆ ಬಂದ.

"ತಿಪ್ಪಕ್ಕ ತಿಪ್ಪಕ್ಕ, ಹಗ್ಗ ಕೊಡು. ಹಗ್ಗ ಬಾವಿಗೆ. ಬಾವಿ ನೀರು ಕೊಡುತ್ತೆ. ನೀರು ಎಮ್ಮೆಗೆ. ಎಮ್ಮೆ ಹುಲ್ಲು ಕೊಡುತ್ತೆ. ಹುಲ್ಲು ಬೆಕ್ಕಿಗೆ. ಬೆಕ್ಕು ದಿಂಬು ಕೊಡುತ್ತೆ. ದಿಂಬು ಸಿಕ್ಕರೆ ಸಮುದ್ರ!"

"ಸುಮ್ಮನೆ ಕೊಡಲ್ಲಪ್ಪ. ನನಗೂ ಬೈಕು ಬರುತ್ತೆ. ನನ್ನ ಬೈಕು ಕೆಟ್ಟು ಕೂತಿದೆ. ಒಂದು ಸುತ್ತು ಓಡಿಸೋಕೆ ಬಿಡಿ, ಹಗ್ಗ ಕೊಡ್ತೀನಿ. ಅಲ್ಲ ಅಜ್ಜಿ, ಅಜ್ಜನಿಗಿಲ್ಲದ ನೋವು ನಿಮಗ್ಯಾಕೆ?"

"ಗೊತ್ತಿಲ್ಲ ಕಣಮ್ಮ!"

ಅಜ್ಜ ಬೈಕು ಬಿಟ್ಟಿರುವ ಆಸಾಮಿಯಲ್ಲ. "ನಾನೂ ಬರ್ತೀನಿ," ಅಂದ. ತಿಪ್ಪಕ್ಕ ಮುಂದೆ. ಅಜ್ಜ ಹಿಂದೆ. ಅಜ್ಜನ ಕೆಳಗೆ ದಿಂಬಿಲ್ಲ.

ಡುಗು ಡುಗು ಡುಗು... ಧಡ್! "ಅಯ್ಯೋ!" ಡುಗು ಡುಗು... ಧಡ್! "ಅಯ್ಯಯ್ಯೋ!" ಧಡ್! "ನನ್ನ ಸೊಂಟ!"

ಅಜ್ಜ ಸೊಂಟ ಹಿಡ್ಕೊಂಡು ಇಳಿದ.

"ಹಿಂದೆ ಕೂತು ಏನು ಕಂಡ್ರಿ?" ಕೇಳಿದಳು ಅಜ್ಜಿ.

"ತಿಪ್ಪಕ್ಕನ ಬೆನ್ನು ಕಂಡೆ. ಗುಂಡಿ ಒಂದೂ ಕಾಣಲಿಲ್ಲ ಕಣೇ! ಮುಂದೆ ಕೂತ್ರೆ ಗುಂಡಿ ಕಾಣುತ್ತೆ. ಮೈ ಬಿಗಿ ಹಿಡೀತೀನಿ. ಹಿಂದೆ ಕೂತವರಿಗೆ ಗೊತ್ತೇ ಆಗಲ್ಲ!"

"ಓ, ಅದಕ್ಕಾ!" ಅಂದಳು ಅಜ್ಜಿ.

"ಓ, ಅದಕ್ಕಾ!" ಅಂದಳು ತಿಪ್ಪಕ್ಕ. ಹಗ್ಗ ಕೊಟ್ಟಳು. ಹಗ್ಗ ಬಾವಿಗೆ.

"ಓ, ಅದಕ್ಕಾ!" ಅಂತು ಬಾವಿ. ನೀರು ಕೊಟ್ಟಿತು. ನೀರು ಎಮ್ಮೆಗೆ.

"ಓ, ಅದಕ್ಕಾ!" ಅಂತು ಎಮ್ಮೆ. ಹುಲ್ಲು ಕೊಟ್ಟಿತು. ಹುಲ್ಲು ಬೆಕ್ಕಿಗೆ.

"ಓ, ಅದಕ್ಕಾ!" ಅಂತು ಬೆಕ್ಕು. ಮೂರು ಮರಿ ಹುಲ್ಲಿಗೆ ಹಾರಿದವು. ಬೆಕ್ಕು ದಿಂಬು ಕೊಟ್ಟಿತು. ದಿಂಬಿನ ತುಂಬ ಬೆಕ್ಕಿನ ಕೂದಲು. ಇರಲಿ ಬಿಡಿ.

ಅಜ್ಜ ಮುಂದೆ. ಅಜ್ಜಿ ಹಿಂದೆ. ಅಜ್ಜಿಯ ಕೆಳಗೆ ಕೆಂಪು ದಿಂಬು. ಡುಗು ಡುಗು ಡುಗು. ಈಗ ಅಜ್ಜ ನಿಧಾನ ಮಾಡುತ್ತಾನೆ. ಕೂಗಿಯೂ ಹೇಳುತ್ತಾನೆ.

"ಗುಂಡಿ!" ಅಜ್ಜಿ ಬಿಗಿಯಾಗಿ ಹಿಡ್ಕೊಂಡಳು.

"ಹಂಪು!" ಅಜ್ಜಿ ಬಿಗಿಯಾಗಿ ಹಿಡ್ಕೊಂಡಳು.

"ಗುಂಡಿ!" ಅಜ್ಜಿ ಬಿಗಿಯಾಗಿ ಹಿಡ್ಕೊಂಡಳು.

ಆಮೇಲೆ ಅಜ್ಜ ಬೈಕು ನಿಲ್ಲಿಸಿದ. ಅಜ್ಜಿಗೆ ಕಾಣಲಿ ಅಂತ ಬಗ್ಗಿ ತನ್ನ ಬೆನ್ನನ್ನ ಪಕ್ಕಕ್ಕೆ ಸರಿಸಿದ.

"ಸಮುದ್ರ!"

"ಅಬ್ಬಬ್ಬಾ! ಇಷ್ಟು ದೊಡ್ಡದಾ?" ಅಂದಳು ಅಜ್ಜಿ. ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು.

ಆಮೇಲೆ ಕೆಂಪು ದಿಂಬು ತಂದು ಮರಳಿನ ಮೇಲೆ ಹಾಕಿದಳು. ಅಜ್ಜನ ಸೊಂಟ ಇನ್ನೂ ನೋಯುತ್ತಿತ್ತಲ್ಲ?

"ನೀವು ಕೂತ್ಕೊಳ್ರೀ," ಅಂದಳು.