ಸಣ್ಣಕ್ಕನ ಸೊಂಟಕ್ಕೆ ಸೆನ್ಸರ್

ದಂಡಿನ ವಿಮಾನಗಳನ್ನು ರಿಪೇರಿ ಮಾಡುವ ಒಂದು ಶೆಡ್ಡಿತ್ತಂತೆ. ಆ ಶೆಡ್ಡಿನಲ್ಲಿ ಟೀ ಕಾಯಿಸುವವಳು ಸಣ್ಣಕ್ಕ. ಅವಳಿಗೊಬ್ಬ ಮಗ, ಬೋರಲಿಂಗ. ನಿಂತರೆ ಬಾಗಿಲು ತುಂಬುವ ಆಳು, ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವನ ಗ್ರಹಚಾರ. ಸೇರಿದ ಕೆಲಸವನ್ನೆಲ್ಲ ಕಳೆದುಕೊಂಡಿದ್ದ. ಸಣ್ಣಕ್ಕ ಮುಖ್ಯ ಮೆಕ್ಯಾನಿಕ್ ಉತ್ತಯ್ಯನವರ ಕೈಕಾಲು ಹಿಡಿದು ಇಲ್ಲಿ ಸೇರಿಸಿದ್ದಳು. ಇಲ್ಲೂ ತಪ್ಪಿದರೆ ಏನು ಗತಿ ಎಂದು ಅವಳ ಎದೆ ಸದಾ ಡವಡವ.

ಮೊದಲ ದಿನ ಉತ್ತಯ್ಯ ಪಾಠ ಹೇಳಿದರು. ಮುಂಚೆ ಕ್ಯಾಲೆಂಡರ್ ನೋಡಿ ಇಂಜಿನ್ ಬಿಚ್ಚುತ್ತಿದ್ದರಂತೆ, ಕೆಟ್ಟಿರಲಿ ಬಿಡಲಿ. ದುಡ್ಡು ನೀರಿನ ಹಾಗೆ ಹರಿಯುತ್ತಿತ್ತು. ಈಗ ವಿಮಾನದೊಳಗೇ ಸೆನ್ಸರ್‌ಗಳಿವೆ, ಬಿಸಿ ಎಷ್ಟು, ನಡುಕ ಎಷ್ಟು ಎಂದು ಅವೇ ಹೇಳುತ್ತವೆ. ಸೆನ್ಸರ್ ಹೇಳುವವರೆಗೆ ಯಾವುದನ್ನೂ ಮುಟ್ಟಬೇಡ ಎಂದರು.

ಸಂಜೆ ಅವ್ವ ಒಲೆಯ ಮೇಲೆ ಹಾಲಿಟ್ಟು, ನೋಡ್ಕೋ ಎಂದು ನೀರಿಗೆ ಹೋದಳು. ಹಾಲು ಉಕ್ಕಿತು, ಒಲೆಗೆ ಸುರಿಯಿತು, ಪಾತ್ರೆ ಸೀದು ಕರಿಯಾಯಿತು. ಬೋರಲಿಂಗ ಕೈಕಟ್ಟಿ ನೋಡುತ್ತಲೇ ಇದ್ದ. ಸೆನ್ಸರ್ ಏನೂ ಹೇಳಲಿಲ್ಲವಂತೆ!

ಸಣ್ಣಕ್ಕ ತಲೆ ಚಚ್ಚಿಕೊಂಡಳು. "ಕಣ್ಣಿಲ್ವೇನ್ಲಾ ನಿಂಗೆ? ಬಿಸಿಯಾಗಿರೋದು, ನಡುಗೋದು ಕಂಡ್ರೆ ಯಾರೋ ಹೇಳೋಗಂಟ ಕಾಯ್ಬೇಡ. ಅಲ್ಲೇ ತಡೆದು ನಿಲ್ಸು."

ಆಯ್ತವ್ವ ಎಂದ.

ಮರುದಿನ ದೊಡ್ಡ ಸಾಹೇಬರು ಶೆಡ್ಡಿಗೆ ಬಂದರು. ಪಾಪ, ಅವರಿಗೆ ಚಳಿಜ್ವರ. ನಿಲ್ಲಲಾರದೆ ಬೋರಲಿಂಗನ ಭುಜದ ಮೇಲೆ ಕೈಯಿಟ್ಟರು. ಕೈ ಬಿಸಿ! ಮೈಯೆಲ್ಲ ನಡುಕ! ಕೆಟ್ಟ ವಿಮಾನಕ್ಕೆ ಕಟ್ಟುವ ಕೆಂಪು ಚೀಟಿ ಕಿಸೆಯಲ್ಲೇ ಇತ್ತು. ತೆಗೆದು ಸಾಹೇಬರ ಕೊರಳಿಗೆ ಕಟ್ಟಿಯೇಬಿಟ್ಟ: "ಹಾರಿಸಬಾರದು". ಬಾಗಿಲಿಗೆ ಅಡ್ಡ ನಿಂತು ಅವರನ್ನು ಹೊರಗೂ ಬಿಡಲಿಲ್ಲ.

ಶೆಡ್ಡಿಗೆ ಶೆಡ್ಡೇ ನಗು ತಡೆಯಲಾರದೆ ಒದ್ದಾಡಿತು. ಸಾಹೇಬರು ನಗಲಿಲ್ಲ. ಇನ್ನೊಂದು ಎಡವಟ್ಟಾದರೆ ಇವನನ್ನು ಮನೆಗೆ ಕಳಿಸಿ ಎಂದು ಉತ್ತಯ್ಯನವರಿಗೆ ಹೇಳಿ ಹೋದರು. ಸಣ್ಣಕ್ಕ ಮಗನನ್ನು ಮೂಲೆಗೆ ಎಳೆದಳು.

"ನಿನ್ನ ದಮ್ಮಯ್ಯ ಕಣ್ಲಾ, ಇನ್ಮೇಲೆ ಯಾರ ಮೈಗೆ ಏನ್ ಕಟ್ಟೋದಿದ್ರೂ ಕೇಳಿ ಕಟ್ಟು."

ಆಯ್ತವ್ವ ಎಂದ.

ಆ ವಾರವೇ ಒಂದು ವಿಮಾನದ ಸೆನ್ಸರ್ ವಿಪರೀತ ನಡುಕ ತೋರಿಸತೊಡಗಿತು. ಇಂಜಿನ್ ಇಳಿಸಿ ದೂರದ ಕಾರ್ಖಾನೆಗೆ ಕಳಿಸಬೇಕು, ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಸೆನ್ಸರೇ ಕೆಟ್ಟಿದ್ದರೆ ಎಂದು ಉತ್ತಯ್ಯನವರಿಗೆ ಅನುಮಾನ. ಅದನ್ನು ಬಿಚ್ಚಿ, ಉದ್ದದ ತಂತಿಯ ಸಮೇತ ಬೋರಲಿಂಗನಿಗೆ ಕೊಟ್ಟು, ಅಲುಗಾಡದೆ ಗಟ್ಟಿಯಾಗಿ ಕೂತಿರುವುದು ಯಾವುದಾದರೂ ನೋಡಿ ಅದಕ್ಕೆ ಕಟ್ಟು ಎಂದು, ನಡುಕವನ್ನು ಗೆರೆಯಾಗಿ ತೋರಿಸುವ ಕಂಪ್ಯೂಟರ್ ಪರದೆಯ ಮುಂದೆ ಕೂತರು.

ಬೋರಲಿಂಗ ಸುತ್ತ ನೋಡಿದ. ಮಗ ಈಗೇನು ಮಾಡುತ್ತಾನೋ ಎಂದು ಸಣ್ಣಕ್ಕ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು, ಒಳಗೆ ಎದೆ ಮಾತ್ರ ಡವಡವ. ಅಷ್ಟು ಗಟ್ಟಿಯಾಗಿ ಕೂತದ್ದು ಶೆಡ್ಡಿನಲ್ಲಿ ಇನ್ನೊಂದಿರಲಿಲ್ಲ. ಕಟ್ಟಲಾ ಅವ್ವ ಎಂದು ಕೇಳಿದ. ಕೇಳಿದನಲ್ಲ ಎಂಬ ಸಂತೋಷಕ್ಕೇ ಅವಳು ಹೂಂ ಅಂದುಬಿಟ್ಟಳು. ಸೊಂಟಕ್ಕೆ ಬಿಗಿದ.

ಪರದೆಯ ಮೇಲೆ ಗೆರೆ ಹುಚ್ಚೆದ್ದು ಕುಣಿಯಿತು. ಉತ್ತಯ್ಯ ತಂತಿ ಹಿಡಿದುಕೊಂಡು ಬಂದರೆ ತುದಿಯಲ್ಲಿ ಸಣ್ಣಕ್ಕ!

"ಅವ್ವನ್ನೂ ಬಿಚ್ಬೇಕಾ ಸಾರ್?" ಬೋರಲಿಂಗ ಅಳುಮುಖ ಮಾಡಿದ.

ಹೋಯಿತು ಕೆಲಸ ಎಂದು ಸಣ್ಣಕ್ಕ ಕಣ್ಣು ಮುಚ್ಚಿದಳು. ಕೇಳಿಸಿದ್ದು ನಗು. ಉತ್ತಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಲ್ಲಿನ ಹಾಗೆ ಕೂತವಳಲ್ಲೂ ಇಷ್ಟು ನಡುಕ ಕಂಡರೆ ಕೆಟ್ಟಿರುವುದು ಸೆನ್ಸರೇ, ಇಂಜಿನ್ ಅಲ್ಲ. ಇಳಿಸುವುದೂ ಬೇಡ, ಕಳಿಸುವುದೂ ಬೇಡ.

"ಇವನ ಕೆಲಸ ಎಲ್ಲೂ ಹೋಗಲ್ಲ ಸಣ್ಣಕ್ಕ, ನಾನಿದ್ದೀನಿ," ಎಂದರು. ಹಳೆಯ ಸೆನ್ಸರ್ ಬಿಚ್ಚಿ ಅದೇ ಜಾಗಕ್ಕೆ ಹೊಸದು ಹಾಕು ಎಂದು ಬೋರಲಿಂಗನಿಗೆ ಹೇಳಿ, ಪರದೆಯ ಬಳಿ ಹೋಗಿ ಸಾಹೇಬರಿಗೆ ಫೋನು ಮಾಡಿದರು.

ಹೊಸ ಸೆನ್ಸರ್ ಏನು ಹೇಳುತ್ತೆ ಎಂದು ಸಾಹೇಬರು ಕೇಳಿದರು. ಉತ್ತಯ್ಯ ಪರದೆ ನೋಡಿದರು. ಗೆರೆ ನೆಟ್ಟಗೆ ಮಲಗಿತ್ತು.

"ಒಂದಿಷ್ಟೂ ನಡುಕ ಇಲ್ಲ ಸಾರ್," ಎಂದು ಹೆಮ್ಮೆಯಿಂದ ಹೇಳಿ ತಲೆಯೆತ್ತಿದರೆ, ವಿಮಾನದಲ್ಲಿ ಸೆನ್ಸರ್ ಜಾಗ ಖಾಲಿ. ತಂತಿಯ ತುದಿಯಲ್ಲಿ, ಹೊಸ ಸೆನ್ಸರ್ ಸೊಂಟಕ್ಕೆ ಬಿಗಿಸಿಕೊಂಡು, ಸಣ್ಣಕ್ಕ ನಿರಾಳವಾಗಿ ಟೀ ಕುಡಿಯುತ್ತಿದ್ದಳು.