ಬೆಲ್ಲದ ವ್ಯಾಪಾರಿಯ ದೊಡ್ಡ ಕೋಣೆ

ಗೃಹಸ್ಥನಾದ ಶಿಷ್ಯನೊಬ್ಬ ಗುರುಗಳ ಎದುರು ಕುಳಿತು ಕೇಳಿದ:

“ಗುರುಗಳೇ, ಇಲ್ಲದವನು ಇರುವವನನ್ನು ಕಂಡು ಕರುಬುತ್ತಾನೆ. ಅದು ನನಗೆ ಅರ್ಥವಾಗುತ್ತದೆ. ಆದರೆ ನನಗೆ ಎಲ್ಲವೂ ಇದೆ. ನನ್ನ ತಮ್ಮನಿಗೆ ಇರುವುದು ಕಡಿಮೆ. ಆದರೂ ಅವನ ಮನೆಗೆ ಹೋಗಿ ಬಂದ ದಿನ ನನಗೆ ಊಟ ಸೇರುವುದಿಲ್ಲ. ನಾನೇಕೆ ಅವನನ್ನು ಕಂಡು ಕರುಬುತ್ತೇನೆ?”

ಗುರುಗಳು ಅದಕ್ಕೆ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಕೋಣೆ. ಉಣ್ಣುವ ಕೋಣೆಯಲ್ಲಿ ಯಾರೂ ಮಲಗುತ್ತಿರಲಿಲ್ಲ, ಮಲಗುವ ಕೋಣೆಯಲ್ಲಿ ಯಾರೂ ಓದುತ್ತಿರಲಿಲ್ಲ. ತಾಯಿಗೆ ಬೇರೆ ಕೋಣೆ ಇತ್ತು. ಬಂದವರನ್ನು ಕೂರಿಸಲು ಇನ್ನೊಂದು.

ಪಕ್ಕದಲ್ಲಿ, ಒಂದು ಗೋಡೆಯ ಆಚೆ, ಕಂಬಳಿ ನೇಯುವವನೊಬ್ಬ ಹೆಂಡತಿ ಮಕ್ಕಳೊಂದಿಗೆ ಇದ್ದ. ಅವನ ಮನೆ ಎಂದರೆ ಒಂದೇ ಕೋಣೆ. ಮಗ್ಗ ಅಲ್ಲೇ, ಒಲೆ ಅಲ್ಲೇ, ತೊಟ್ಟಿಲೂ ಅಲ್ಲೇ. ಉಂಡ ಜಾಗವನ್ನು ಗುಡಿಸಿ ಅಲ್ಲೇ ಹಾಸಿಗೆ ಹಾಸುತ್ತಿದ್ದರು. ನೆಂಟರು ಬಂದರೆ ಉಣ್ಣೆಯ ಮೂಟೆಗಳು ಅಂಗಳಕ್ಕೆ ಹೋಗುತ್ತಿದ್ದವು.

ಸಂಜೆಯಾದರೆ ಆ ಕೋಣೆಯಿಂದ ಮಾತು ಕೇಳುತ್ತಿತ್ತು, ನಗು ಕೇಳುತ್ತಿತ್ತು. ವ್ಯಾಪಾರಿ ತನ್ನ ಮಂಚದ ಮೇಲೆ ಕುಳಿತು ಅದನ್ನು ಕೇಳುತ್ತಿದ್ದ. ಅವನ ಮಗಳು ಆಗಾಗ ಕಾಣೆಯಾಗುತ್ತಿದ್ದಳು. ಹುಡುಕಿದರೆ ಮಗ್ಗದ ಪಕ್ಕ ಕುಳಿತು ಉಣ್ಣೆ ಬಿಡಿಸುತ್ತಿದ್ದಳು.

“ಅಲ್ಲಿ ಏನಿದೆ ಅಂತ ಹೋಗುತ್ತೀ?” ಎಂದು ಗದರಿಸಿದ.

“ಅಲ್ಲಿ ಎಲ್ಲರೂ ಇರುತ್ತಾರಪ್ಪ,” ಎಂದಳು ಮಗಳು.

ಆ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಮಗಳು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ. ಆಮೇಲೆ ಊರ ಹಿರಿಯರ ಬಳಿ ಹೋಗಿ, ಮಗ್ಗದ ಸದ್ದಿಗೆ ತನ್ನ ತಾಯಿಗೆ ನಿದ್ದೆ ಬರುವುದಿಲ್ಲ ಎಂದು ದೂರು ಕೊಟ್ಟ. ತಾಯಿಗೆ ಕಿವಿ ಮಂದ. ಅವಳು ಯಾವ ಸದ್ದಿನ ಬಗ್ಗೆಯೂ ದೂರಿದವಳಲ್ಲ. ಆದರೂ ಹಿರಿಯರು ವ್ಯಾಪಾರಿಯ ಮಾತಿಗೆ ಬೆಲೆ ಕೊಟ್ಟು, ದೀಪ ಹಚ್ಚಿದ ಮೇಲೆ ನೇಯಬಾರದೆಂದು ಕಂಬಳಿಯವನಿಗೆ ಹೇಳಿದರು.

ಮಗ್ಗ ನಿಂತಿತು. ಆ ಸದ್ದು ಇಲ್ಲದ ಮೇಲೆ ಗೋಡೆಯಾಚೆಯ ನಗು ವ್ಯಾಪಾರಿಗೆ ಮೊದಲಿಗಿಂತ ಚೆನ್ನಾಗಿ ಕೇಳತೊಡಗಿತು.

ಅವರ ನಗುವಿಗೆಲ್ಲ ಕಾರಣ ಆ ಒಂದೇ ಕೋಣೆ ಎಂದು ಅವನು ತೀರ್ಮಾನಿಸಿದ. ಗಾರೆಯವರನ್ನು ಕರೆಸಿದ. ಮನೆಯೊಳಗಿನ ಗೋಡೆಗಳನ್ನು ಒಡೆಸಿದ. ಎಲ್ಲ ಕೋಣೆಗಳೂ ಸೇರಿ ಒಂದು ದೊಡ್ಡ ಕೋಣೆಯಾಯಿತು. ಒಂದು ಕಡೆ ತಾಯಿಯ ಮಂಚ, ಇನ್ನೊಂದು ಕಡೆ ಹೆಂಡತಿಯ ಬೀಸುವ ಕಲ್ಲು. ಕಿಟಕಿಯ ಕೆಳಗೆ ಮಕ್ಕಳ ಓದು. ನಡುವೆ ತೂಗುಮಣೆ, ಅದರ ಮೇಲೆ ತಾನು. ಸಂಜೆ ಎಲ್ಲರೂ ಇಲ್ಲೇ ಇರಬೇಕು ಎಂದು ಅಪ್ಪಣೆ ಮಾಡಿದ.

ಎಲ್ಲರೂ ಬಂದು ಕುಳಿತರು.

ತಾಯಿ ತನ್ನ ತವರಿನ ಸುದ್ದಿ ತೆಗೆದಳು. ಹಾಗಲ್ಲ ಅದು ನಡೆದದ್ದು ಎಂದು ವ್ಯಾಪಾರಿ ತಿದ್ದಿದ. ಮಗ ಒಂದು ಪದ ಹಾಡಿದ. ಮಗ್ಗಿ ಬರುತ್ತದೆಯೇ ಎಂದು ವ್ಯಾಪಾರಿ ಕೇಳಿದ. ಹೆಂಡತಿ ಮಗಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಯಾಕೆ ನಗುತ್ತೀ ಎಂದು ಕೇಳಿದ. ಸ್ವಲ್ಪ ಹೊತ್ತಿನಲ್ಲಿ ತೂಗುಮಣೆಯ ಸರಪಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ಗೋಡೆಯಾಚೆ ಮತ್ತೆ ನಗು ಎದ್ದಿತು. ವ್ಯಾಪಾರಿ ಹಲ್ಲು ಕಚ್ಚಿದ.

ಹೀಗೇ ದಿನಗಳು ಕಳೆದವು. ಒಮ್ಮೆ ಅವನು ಸಂತೆಗೆಂದು ಹೊರಟ. ದಾರಿಯಲ್ಲಿ ಗಾಡಿಯ ಚಕ್ರ ಮುರಿಯಿತು. ಹೊತ್ತು ಮುಳುಗುವ ಮೊದಲೇ ಹಿಂದಿರುಗಿದ. ಮನೆ ಹತ್ತಿರವಾದಂತೆ ನಗು ಕೇಳಿಸಿತು. ಕಂಬಳಿಯವನ ಮನೆಯತ್ತ ಉರಿಗಣ್ಣಿನಿಂದ ನೋಡಿದ. ಅಲ್ಲಿ ಬಾಗಿಲಿಗೆ ಬೀಗ ಹಾಕಿತ್ತು.

ನಗು ಬರುತ್ತಿದ್ದುದು ಅವನದೇ ಮನೆಯಿಂದ.

ಕಿಟಕಿಯಿಂದ ಇಣುಕಿದ. ತಾಯಿ ಮಂಚ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕುಳಿತು ಕತೆ ಹೇಳುತ್ತಿದ್ದಳು. ಮಕ್ಕಳು ತೂಗುಮಣೆಯ ಮೇಲಿದ್ದರು. ಹೆಂಡತಿ ರಾಗಿ ಬೀಸುವುದನ್ನು ಬಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳು ಅಷ್ಟು ನಕ್ಕಿದ್ದನ್ನು ಅವನು ಮದುವೆಯಾದಂದಿನಿಂದ ನೋಡಿರಲಿಲ್ಲ. ಅವನು ಬಾಗಿಲು ತಳ್ಳಿದ. ಮಕ್ಕಳು ತೂಗುಮಣೆಯಿಂದ ಇಳಿದರು.

“ಇಷ್ಟು ಬೇಗ ಬಂದಿರಾ?” ಎಂದಳು ಹೆಂಡತಿ.

ಅಲ್ಲಿಯವರೆಗೆ ಅವನು ನೆರೆಮನೆಯನ್ನು ಕಂಡು ಕರುಬಿದ್ದ. ಅಂದಿನಿಂದ ತನ್ನ ಮನೆಯನ್ನೇ ಕಂಡು ಕರುಬತೊಡಗಿದ. ಕೆಲಸವಿಲ್ಲದಿದ್ದರೂ ಕೆಲಸವಿದೆ ಎಂದು ಹೇಳಿ ಹೊರಡುತ್ತಿದ್ದ. ಊರನ್ನು ಬಳಸಿ ಬಂದು ತನ್ನದೇ ಹಿತ್ತಿಲಲ್ಲಿ, ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ನಗು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು. ಕೇಳದಿದ್ದರೆ, ಏಕೆ ನಿಂತಿತು ಎಂದು ಯೋಚಿಸುತ್ತಾ ಕಾಯುತ್ತಿದ್ದ.

ಒಂದು ಸಂಜೆ ಮುಸುರೆ ಚೆಲ್ಲಲು ಬಂದ ಹೆಂಡತಿ ಅವನನ್ನು ಕಂಡಳು. ಎಷ್ಟು ದಿನದಿಂದ ಹೀಗೆ ಎಂದು ಅವಳು ಕೇಳಲಿಲ್ಲ.

“ಒಳಗೆ ಬನ್ನಿ,” ಎಂದಳು.

“ನಾನು ಬಂದರೆ ನಗು ನಿಲ್ಲುತ್ತದೆ.”

ಹೆಂಡತಿ ಇಲ್ಲ ಎನ್ನಲಿಲ್ಲ. ಪಾತ್ರೆಯನ್ನು ಕಂಕುಳಲ್ಲಿ ಇರುಕಿಕೊಂಡಳು.

“ನಿಂತರೆ ನಿಲ್ಲಲಿ, ಬನ್ನಿ. ಮತ್ತೆ ಶುರುವಾಗುವ ತನಕ ಏನೂ ಹೇಳದೆ ಒಂದು ಕಡೆ ಕೂತಿರಿ,” ಎಂದಳು.

ವ್ಯಾಪಾರಿ ಅವಳ ಹಿಂದೆ ಒಳಗೆ ಹೋದ. ತೂಗುಮಣೆಯ ಕಡೆ ನೋಡದೆ ಬಾಗಿಲ ಪಕ್ಕ ನೆಲದ ಮೇಲೆ ಕುಳಿತ. ಎಲ್ಲರೂ ಸುಮ್ಮನಾದರು. ಅವನೂ ಸುಮ್ಮನಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದು ನೋಡಿದ. ಕೊನೆಗೆ ಕೇಳಿದ: “ನಗು ಮತ್ತೆ ಶುರುವಾಯಿತೇ ಗುರುಗಳೇ?”

ಗುರುಗಳು ಹೇಳಿದರು: “ನೀನು ಇಲ್ಲಿಗೆ ಹೊರಟು ಬಂದೆಯಲ್ಲ, ಈಗ ನಿನ್ನ ಮನೆಯಲ್ಲಿ ಶುರುವಾಗಿರಬೇಕು.”