ಮುರಿದ ರಥದ ಕೊರಡು

“ಕೇಳಿರಿ, ಕೇಳಿರಿ! ಕಲ್ಗುಡಿ ಕೋಟೆಯ ಮಲ್ಲರಸ ಒಡೆಯರ ಅಪ್ಪಣೆ! ಒಡೆಯರು ಕೇಳುವ ಮೂರು ಒಗಟು ಬಿಡಿಸಿದವನು ಬೇಡಿದ್ದು ಪಡೆಯುತ್ತಾನೆ, ಅರ್ಧ ರಾಜ್ಯವಾದರೂ ಸರಿ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ!”

ಡಂಗುರದ ಸದ್ದು ಕಲ್ಲುಕುಟಿಗರ ಕೇರಿಗೆ ಬಂದಾಗ ಓಬಯ್ಯ ಜಲ್ಲಿ ಒಡೆಯುತ್ತಿದ್ದ. ಸುತ್ತಿಗೆ ಕೆಳಗಿಟ್ಟು ಎದ್ದ. ಅವನು ಎಲ್ಲಿಗೆ ಹೊರಟನೆಂದು ತಾಯಿ ಸಣ್ಣವ್ವನಿಗೆ ಕೇಳದೆಯೇ ತಿಳಿಯಿತು.

“ಒಬ್ಬರನ್ನು ಆ ಕೋಟೆಗೆ ಕೊಟ್ಟಾಗಿದೆ. ನಿನ್ನನ್ನೂ ಕೊಡಲೇನೋ?”

“ಅಪ್ಪನನ್ನು ಬಿಡಿಸೋಕೆ ಬೇರೆ ದಾರಿ ಇಲ್ಲವ್ವಾ.”

ಆರು ತಿಂಗಳ ಹಿಂದೆ ಕೋಟೆಗೆ ಹತ್ತುವ ಜಲ್ಲಿದಾರಿಯಲ್ಲಿ ರಾಜನ ಒಬ್ಬಳೇ ಮಗಳು ಪದ್ಮಲೆಯ ರಥ ಗುಂಡಿಗೆ ಇಳಿದು ಮಗುಚಿತ್ತು. ಹುಡುಗಿ ಅಲ್ಲೇ ಪ್ರಾಣ ಬಿಟ್ಟಳು. ದಾರಿ ನೋಡಿಕೊಳ್ಳುತ್ತಿದ್ದ ಬೊಮ್ಮನನ್ನು, ಅಂದರೆ ಓಬಯ್ಯನ ಅಪ್ಪನನ್ನು, ಅಂದೇ ನೆಲಮಾಳಿಗೆಯ ಸೆರೆಗೆ ತಳ್ಳಿದರು. ಅಲ್ಲಿಂದೀಚೆಗೆ ಅರಮನೆಯಲ್ಲಿ ಹಬ್ಬವಿಲ್ಲ, ವಾದ್ಯವಿಲ್ಲ. ರಾಜ ಕಿಟಕಿಯ ಬಳಿ ಕೂತು ಆ ದಾರಿಯನ್ನೇ ನೋಡುತ್ತಿದ್ದ. ಒಗಟುಗಳು ಹುಟ್ಟಿದ್ದು ಅಲ್ಲೇ. ಉತ್ತರ ತಪ್ಪಿ ಆಗಲೇ ಏಳು ಜನ ಸತ್ತಿದ್ದರು.

ಓಬಯ್ಯ ಕೋಟೆಗೆ ಹೋದ ದಿನ ಅವನ ಮುಂದೆ ಇಬ್ಬರಿದ್ದರು. ಮೊದಲನೆಯವನು ನೆರೆನಾಡಿನ ರಾಜಕುಮಾರ. ರಾಜ ಮುಖ ತಿರುಗಿಸದೆ ಕೇಳಿದ, “ಈ ಕಿಟಕಿಯಿಂದ ನನಗೊಂದು ಗುಂಡಿ ಕಾಣುತ್ತದೆ. ಎಷ್ಟು ಸಲ ತುಂಬಿದರೂ ಮತ್ತೆ ಬರಿದಾಗುತ್ತದೆ. ಯಾವುದದು?”

ಹೆಬ್ಬಾಗಿಲಲ್ಲಿ ಕೂತ ಭಿಕ್ಷುಕರ ಕಡೆ ಕೈ ತೋರಿಸಿ ರಾಜಕುಮಾರ ನಕ್ಕ. “ಅವರ ಹೊಟ್ಟೆ.”

ಭಟರು ಅವನನ್ನು ಕರೆದೊಯ್ದರು. ಹೊರಗೆ ನಗಾರಿ ಒಮ್ಮೆ ಬಡಿಯಿತು.

ಎರಡನೆಯವನು ನರಹರಿ ಪಂಡಿತ. ಅವನು ರಾಜನ ನೋಟ ಎತ್ತ ಹೋಗುತ್ತದೆ ಎಂದು ಗಮನಿಸಿದ. “ದಾರಿಯ ಗುಂಡಿ, ಪ್ರಭು,” ಎಂದ. ರಾಜ ತಲೆಯಾಡಿಸಿ ಎರಡನೆಯದನ್ನು ಕೇಳಿದ, “ಎತ್ತರದವರಿಂದ ಕಿತ್ತು ತಗ್ಗಿನವರಿಗೆ ಕೊಡುತ್ತದೆ. ತನಗೆಂದು ಏನೂ ಇಟ್ಟುಕೊಳ್ಳುವುದಿಲ್ಲ. ಏನದು?”

“ಸಾವು, ಪ್ರಭು. ಅದರ ಮುಂದೆ ಎಲ್ಲರೂ ಸಮ.”

“ಸಾವು ಕಿತ್ತುಕೊಳ್ಳುತ್ತದೆ, ನಿಜ. ಕೊಡುತ್ತದೆಯೇ? ನನಗೇನು ಕೊಟ್ಟಿತು, ಪಂಡಿತರೇ?”

ನಗಾರಿ ಇನ್ನೊಮ್ಮೆ ಬಡಿಯಿತು. ಓಬಯ್ಯ ಮುಂದೆ ಬಂದ.

“ಗುಂಡಿ ಯಾವುದೆಂದು ನೀನೂ ಕೇಳಿಸಿಕೊಂಡೆ,” ಎಂದ ರಾಜ. “ಅದು ಯಾಕೆ ಬರಿದಾಗುತ್ತದೆ, ಅದನ್ನು ಹೇಳು.”

ಇದು ಓಬಯ್ಯ ಬೆವರು ಸುರಿಸಿ ಕಲಿತ ಮಾತು. “ಮೇಲಿಂದ ಜಲ್ಲಿ ಸುರಿದರೆ ಅದು ತಳಕ್ಕೆ ಕಚ್ಚಿಕೊಳ್ಳೋದಿಲ್ಲ, ಮಹಾಸ್ವಾಮಿ. ಗಾಲಿ ಬಂದು ಎರಚಿಬಿಡುತ್ತೆ. ಗುಂಡಿಯ ತಳದವರೆಗೂ ಸುತ್ತಲ ನೆಲವನ್ನು ಕೆರೆದು ಆಮೇಲೆ ಹರಡಬೇಕು. ಎರಡನೇದಕ್ಕೆ ಉತ್ತರವೂ ಅದರಲ್ಲೇ ಇದೆ. ಎತ್ತು ಕಟ್ಟಿ ಎಳೆಯೋ ಕೊರಡು. ದಿಣ್ಣೆ ಕೆರೆದು ತಗ್ಗಿಗೆ ತುಂಬೋದು ಅದರ ಕೆಲಸ.”

ರಾಜ ಮೊದಲ ಬಾರಿ ತಿರುಗಿ ನೋಡಿದ. “ಬಾಯಲ್ಲಿ ಹೇಳಿದರೆ ಸಾಲದು. ನಾಳೆ ಹೊತ್ತು ಮುಳುಗುವುದರೊಳಗೆ ಮಾಡಿ, ಎಳೆದು ತೋರಿಸು.”

“ಹಸಿ ಮರ ಸೊಟ್ಟಗಾಗುತ್ತೆ. ಚೆನ್ನಾಗಿ ಒಣಗಿದ ತೊಲೆ ಬೇಕು.” ಎಂದ ಓಬಯ್ಯ. “ಅಂಥದ್ದು ಲಾಯದ ಹಿಂದೆ ಬಿದ್ದಿರೋ ರಥದಲ್ಲಿದೆ.”

ಪದ್ಮಲೆ ಸತ್ತಂದಿನಿಂದ ಆ ರಥವನ್ನು ಮುಟ್ಟಿದವರಿರಲಿಲ್ಲ. ರಾಜ ಮತ್ತೆ ಕಿಟಕಿಯ ಕಡೆ ತಿರುಗಿ, “ತೆಗೆದುಕೊ,” ಎಂದ.

ಮರುದಿನ ಬೆಳಗಿನಿಂದ ಓಬಯ್ಯ ಒಬ್ಬನೇ ದುಡಿದ. ರಥದ ಎರಡು ಉದ್ದ ತೊಲೆಗಳನ್ನು ಮೊಳದಂತರ ಬಿಟ್ಟು ಮಲಗಿಸಿ, ನಡುವೆ ಮೂರು ಅಡ್ಡಪಟ್ಟಿ ಕೊಟ್ಟು ಗೂಟ ಬಡಿದು ಬಿಗಿದ. ಗಾಲಿಯ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ನೇರ ಮಾಡಿ, ಮುಂದಿನ ತೊಲೆಯ ಕೆಳಗೆ ಬೆರಳಷ್ಟು ಹೊರಚಾಚುವಂತೆ ಹೊಡೆದ. ಒಂದು ಸಂದಿಯಲ್ಲಿ ಹಳದಿ ರೇಷ್ಮೆಯ ಚೂರು ಸಿಕ್ಕಿಕೊಂಡಿತ್ತು. ಅದನ್ನು ಮೆಲ್ಲಗೆ ಬಿಡಿಸಿದ. ಮಡಚಿ ಲಾಯದ ಗೋಡೆಯ ಗೂಡಿನಲ್ಲಿಟ್ಟ.

ಎತ್ತು ಕಟ್ಟಿ ಎಳೆದರೆ ಕೊರಡು ಜಲ್ಲಿಯ ಮೇಲೆ ಕುಣಿಯುತ್ತ ಜಾರಿತು, ಒಂದು ಕಲ್ಲೂ ಅಲುಗಲಿಲ್ಲ. ನೋಡುತ್ತಿದ್ದ ಭಟನೊಬ್ಬ ಕತ್ತಿಯ ಹಿಡಿ ಸವರಿದ. ಓಬಯ್ಯ ಮುಂದಿನ ತೊಲೆಯ ಮೇಲೆ ಗುಂಡುಕಲ್ಲು ಹೇರಿದ. ಕೆರೆದ ಜಲ್ಲಿ ದಾರಿಯ ನಡುವಿಗೆ ಸರಿಯಲೆಂದು ಸರಪಳಿಯನ್ನು ಓರೆಯಾಗಿ ಕಟ್ಟಿದ. ಈ ಸಲ ಕಬ್ಬಿಣ ನೆಲಕ್ಕೆ ಕಚ್ಚಿತು. ದಿಣ್ಣೆಗಳು ಸವೆದವು, ಗುಂಡಿಗಳು ತುಂಬಿದವು. ಇಪ್ಪತ್ತನೆಯ ಸುತ್ತಿನ ಹೊತ್ತಿಗೆ ದಾರಿ ಒಂದೇ ಸಮನಾಗಿ ಕಂಡಿತು.

ಹೊತ್ತು ಇಳಿಯುವಾಗ ರಾಜ ಬರಿಗಾಲಲ್ಲಿ ನಡೆದು ಬಂದ. ಮಗಳು ಬಿದ್ದ ಜಾಗದಲ್ಲಿ ನಿಂತ.

“ಮೂರನೆಯದು. ನನ್ನ ಮಗಳನ್ನು ಕೊಂದದ್ದು ಯಾವುದು?”

ಗುಂಡಿ ಎನ್ನಬಹುದಿತ್ತು, ವಿಧಿ ಎನ್ನಬಹುದಿತ್ತು. ಆದರೆ ಓಬಯ್ಯನಿಗೆ ಅಪ್ಪ ಅರಮನೆಯಿಂದ ತಲೆತಗ್ಗಿಸಿ ಬಂದ ಸಂಜೆ ನೆನಪಾಯಿತು.

“ನಿಮ್ಮ ಅಪ್ಪಣೆ, ಮಹಾಸ್ವಾಮಿ. ದಾರಿ ಕೆರೆಯೋಕೆ ಮೂರು ದಿನ ಓಡಾಟ ನಿಲ್ಲಿಸಿ ಅಂತ ನಮ್ಮಪ್ಪ ಕೇಳಿಕೊಂಡಿದ್ದ. ಮೆರವಣಿಗೆ ಇದೆ, ಮೇಲೆ ಜಲ್ಲಿ ಸುರಿದು ಮುಚ್ಚು ಅಂದಿರಿ. ಅವನು ಮುಚ್ಚಿದ.”

ಭಟನ ಕತ್ತಿ ಒರೆಯಿಂದ ಅರ್ಧ ಬಂತು. ರಾಜ ಕೈಯೆತ್ತಿ ತಡೆದ.

“ನನಗೆ ಗೊತ್ತಿತ್ತು,” ಎಂದ. “ಯಾರಾದರೂ ಒಬ್ಬರು ನನ್ನ ಮುಖಕ್ಕೆ ಹೇಳಬೇಕಿತ್ತು.”

“ಅದಕ್ಕೆ ಒಂಬತ್ತು ತಲೆ ಬೇಕಾಯ್ತೇ?”

ರಾಜ ಅಲ್ಲೇ ನೆಲದ ಮೇಲೆ ಕುಸಿದು ಕೂತ. “ಬೇಡು,” ಎಂದ. “ಅರ್ಧ ರಾಜ್ಯ ಕೊಡುತ್ತೇನೆ.”

“ನಮ್ಮಪ್ಪನನ್ನು ಕೊಡಿ. ಇನ್ನು ಡಂಗುರ ಹೊಡೆಸಬೇಡಿ.”

ಬೊಮ್ಮನನ್ನು ಹೊರಗೆ ತಂದರು. ಕತ್ತಲಲ್ಲಿ ಆರು ತಿಂಗಳು ಕಳೆದ ಕಣ್ಣು ಸಂಜೆಯ ಬೆಳಕನ್ನೂ ತಾಳಲಿಲ್ಲ. ಕಾಲಲ್ಲಿ ಕಸುವಿರಲಿಲ್ಲ. ಓಬಯ್ಯ ಅವನನ್ನು ಬೆನ್ನಿಗೆ ಹಾಕಿಕೊಂಡು ಇಳಿದ. ಅರ್ಧ ದಾರಿಯಲ್ಲಿ ಮುದುಕ, “ಇಳಿಸೋ,” ಎಂದ. ಕಣ್ಣು ಮುಚ್ಚಿಕೊಂಡೇ ಅಂಗೈಯಿಂದ ಜಲ್ಲಿಯನ್ನು ಸವರುತ್ತ ಅಂಚಿನಿಂದ ನಡುವಿನವರೆಗೆ ತೆವಳಿದ.

“ನೀನೇನೋ ಎಳೆದದ್ದು?”

“ಹೂಂ, ಅಪ್ಪಾ.”

“ನಡುವೆ ಇನ್ನೊಂದು ಬೆರಳು ಎತ್ತರ ಬೇಕು ಮಗಾ. ಇಲ್ಲದಿದ್ದರೆ ಮಳೆನೀರು ನಿಲ್ಲುತ್ತೆ.”

ಬೊಮ್ಮ ಮಳೆಗಾಲ ಕಾಣಲಿಲ್ಲ, ಹದಿನೆಂಟೇ ದಿನ ಬದುಕಿದ. ಅವನ ಮಣ್ಣು ಮುಗಿಸಿದ ಮರುದಿನ ಓಬಯ್ಯ ಎತ್ತು ಹೂಡಿ, ಜಲ್ಲಿ ನಡುವಿಗೆ ಏರಲೆಂದು ಸರಪಳಿಯನ್ನು ಇನ್ನಷ್ಟು ಓರೆಗೆ ಕಟ್ಟಿ, ಕೋಟೆಯ ದಾರಿಗೆ ಕೊರಡು ಇಳಿಸಿದ.